ರಬ್ಬರ್ ಬೂಟಿನ ಹಿಮ್ಮಡಿಯಿಂದ ಹೊರಟ ಬೆಲ್ಟು

ನನ್ನ ಕೈಯಲ್ಲಿರುವ ಈ ಬಿಳಿ ಪ್ಲಾಸ್ಟಿಕ್ ತುಂಡನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ನೋಡಲು ಎರಡು ಅಂಗೈ ಅಗಲದ ಚಾಪೆಯಂತಿದೆ. ಉದ್ದಕ್ಕೆ ಹಿಡಿದರೆ ಸುರುಳಿ ಸುತ್ತಬಹುದು, ಅಡ್ಡಕ್ಕೆ ಹಿಡಿದರೆ ಹಲಗೆಯ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಮಡಚುವಾಗ ಕಟಕಟ ಸದ್ದು ಮಾಡುತ್ತದೆ. ಪಕ್ಕದಲ್ಲಿ ಒಂದು ಕಡ್ಡಿಯ ತುದಿ ಕಾಣುತ್ತದೆ, ಅದನ್ನು ಈಗಲೇ ಎಳೆಯಬೇಡಿ, ಅದರ ಕಥೆ ಆಮೇಲೆ ಬರುತ್ತದೆ.

ಇದು ಕನ್ವೇಯರ್ ಬೆಲ್ಟಿನ ಒಂದು ಚೂರು. ನೀವು ಬೆಳಿಗ್ಗೆ ತಿಂದ ಬ್ರೆಡ್ಡು, ಬರುವಾಗ ಕುಡಿದ ನೀರಿನ ಬಾಟಲಿ, ಮನೆಗೆ ಬಂದ ಪಾರ್ಸೆಲ್ಲು, ಇವುಗಳಲ್ಲಿ ಯಾವುದಾದರೂ ಒಂದು ಇಂಥ ಚಾಪೆಯ ಮೇಲೆ ಕೂತು ಪ್ರಯಾಣ ಮಾಡಿರುವ ಸಾಧ್ಯತೆ ದೊಡ್ಡದು. ಕುಟುಂಬಗಳು ಕಟ್ಟಿದ ಯಂತ್ರೋದ್ಯಮಗಳ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದಾಗ ನನಗೆ ತಕ್ಷಣ ನೆನಪಾದದ್ದು ಈ ಬೆಲ್ಟಿನ ಹಿಂದಿರುವ ಮನೆತನ. ಅಮೆರಿಕದ ಲೂಯಿಸಿಯಾನಾದ ಲಪೇರ್ ಕುಟುಂಬ. ಅವರ ಕಂಪನಿಯ ಹೆಸರು ಇಂಟ್ರಾಲಾಕ್ಸ್. ಅವರು ಬೆಲ್ಟು ಮಾಡಬೇಕು ಎಂದು ಹೊರಟವರೇ ಅಲ್ಲ. ಹೊರಟದ್ದು ಸಿಗಡಿ ಬಿಡಿಸುವುದಕ್ಕೆ. ಅದರಿಂದ ಇದಕ್ಕೆ ಹೇಗೆ ಬಂದರು ಎನ್ನುವುದೇ ನಾನು ಇವತ್ತು ಹೇಳಬೇಕೆಂದಿರುವುದು.

ಸಿಗಡಿ ಎಂದರೆ ಇಲ್ಲಿರುವ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಕುಂದಾಪುರದವರು ಚಟ್ಲಿ ಎನ್ನುತ್ತೀರಿ, ತುಳುವಿನಲ್ಲಿ ಎಟ್ಟಿ. ಮನೆಯಲ್ಲಿ ಒಂದು ಸೇರು ಚಟ್ಲಿ ಬಿಡಿಸಿದವರಿಗೆ ಆ ಕೆಲಸ ಏನು ಎಂದು ಗೊತ್ತು. ತಲೆ ಮುರಿಯಬೇಕು, ಕಾಲುಗಳನ್ನು ಕಿತ್ತು ಚಿಪ್ಪು ಸುಲಿಯಬೇಕು, ಬೆನ್ನಿನ ಕರಿ ದಾರ ಎಳೆಯಬೇಕು. ಹತ್ತು ನಿಮಿಷದಲ್ಲಿ ಬೆರಳ ತುದಿ ಉರಿಯಲು ಶುರು. ನಮ್ಮ ಕರಾವಳಿಯ ಶೆಡ್ಡುಗಳಲ್ಲಿ ಹೆಂಗಸರು ಇವತ್ತಿಗೂ ಈ ಕೆಲಸವನ್ನು ಕೈಯಿಂದ ಮಾಡುತ್ತಾರೆ. ಐಸಿನ ನೀರಿನಲ್ಲಿ ಕೈಯಿಟ್ಟುಕೊಂಡು, ಗಂಟೆಗಟ್ಟಲೆ. ನಾನು ಅಂಥ ಒಂದು ಶೆಡ್ಡಿನಲ್ಲಿ ಅರ್ಧ ದಿನ ಕೂತಿದ್ದೆ. ನನ್ನ ಪಕ್ಕದಲ್ಲಿದ್ದ ಹೆಂಗಸು ಒಂದು ಸಿಗಡಿಗೆ ಎರಡು ಸೆಕೆಂಡು ಕೂಡ ತಗೊಳ್ಳುತ್ತಿರಲಿಲ್ಲ. ಆಕೆಯ ಹೆಬ್ಬೆರಳಿನ ಚರ್ಮ ಮಾತ್ರ ನೀರಲ್ಲಿ ನೆನೆದ ಕಾಗದದ ಹಾಗಿತ್ತು. ಮುಂದೆ ಯಂತ್ರದ ಮಾತು ಬಂದಾಗ ಆ ಹೆಬ್ಬೆರಳು ನಿಮ್ಮ ಮನಸ್ಸಿನಲ್ಲಿರಲಿ.

ಮೆಕ್ಸಿಕೋ ಕೊಲ್ಲಿಯ ದಂಡೆಯಲ್ಲಿಯೂ ಇದೇ ಕಥೆ. ಲೂಯಿಸಿಯಾನಾದ ಪಕ್ಕದ ರಾಜ್ಯ ಮಿಸಿಸಿಪ್ಪಿ, ಅಲ್ಲಿ ಬಿಲಕ್ಸಿ ಎಂಬ ಊರು. ಸಿಗಡಿ ಮತ್ತು ಸಿಂಪಿ ಡಬ್ಬಿಗೆ ತುಂಬುವ ಕಾರ್ಖಾನೆಗಳಿಗೆ ಹೆಸರಾದ ಜಾಗ. 1911ರಲ್ಲಿ ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ ಬಾಲಕಾರ್ಮಿಕರ ಚಿತ್ರಗಳನ್ನು ತೆಗೆಯುತ್ತಾ ಅಲ್ಲಿಗೆ ಹೋದರು. ಅವರು ತೆಗೆದ ಒಂದು ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮ್ಯಾನುಯೆಲ್ ಎಂಬ ಐದು ವರ್ಷದ ಹುಡುಗ, ಸಿಗಡಿ ಬಿಡಿಸುವವನು. ಎರಡೂ ಕೈಯಲ್ಲಿ ಪಾತ್ರೆ ಹಿಡಿದು ನಿಂತಿದ್ದಾನೆ. ಹಿಂದೆ ಸಿಂಪಿಯ ಚಿಪ್ಪಿನ ಗುಡ್ಡ. ಅವನಿಗೆ ಇಂಗ್ಲಿಷಿನ ಒಂದು ಪದವೂ ಅರ್ಥವಾಗುವುದಿಲ್ಲ ಎಂದು ಹೈನ್ ಚಿತ್ರದ ಕೆಳಗೆ ಬರೆದುಕೊಂಡರು. ವಲಸೆ ಬಂದವರ ಮಕ್ಕಳು ತಾಯಂದಿರ ಜೊತೆ ಬೆಳಗಿನ ಜಾವ ಎದ್ದು ಈ ಕೆಲಸಕ್ಕೆ ಬರುತ್ತಿದ್ದರು. ಕೂಲಿ ಬಿಡಿಸಿದ ಸಿಗಡಿಯ ತೂಕದ ಲೆಕ್ಕಕ್ಕೆ. ಯಂತ್ರ ಬಂದು ಕೆಲಸ ಕಿತ್ತುಕೊಂಡಿತು ಎಂದು ನಾವು ಬೇಸರಪಡುವುದುಂಟು, ಅದು ನ್ಯಾಯವಾದ ಬೇಸರವೇ. ಆದರೆ ಈ ಒಂದು ಯಂತ್ರದ ವಿಚಾರದಲ್ಲಿ ನನ್ನ ಮನಸ್ಸು ಮೊದಲು ಆ ಹುಡುಗನ ಕಡೆಗೆ ಹೋಗುತ್ತದೆ.

ಇಲ್ಲೊಂದು ಸಣ್ಣ ಕವಲು. ಕೈಯಿಂದ ಬಿಡಿಸುವುದು ಒಂದು ಪದ್ಧತಿಯಾದರೆ ಲೂಯಿಸಿಯಾನಾದಲ್ಲಿ ಕಾಲಿನಿಂದ ಬಿಡಿಸುವ ಪದ್ಧತಿಯೂ ಇತ್ತು. ಬಾರಟೇರಿಯಾ ಕೊಲ್ಲಿಯ ಜೌಗಿನಲ್ಲಿ ಚೀನಾದಿಂದ ಮತ್ತು ಫಿಲಿಪ್ಪೀನ್ಸಿನಿಂದ ಬಂದವರು ನೀರಿನ ಮೇಲೆ ಕಂಬ ನೆಟ್ಟು, ಹಲಗೆ ಹಾಸಿ, ದೊಡ್ಡ ದೊಡ್ಡ ಅಟ್ಟಗಳನ್ನು ಕಟ್ಟಿಕೊಂಡಿದ್ದರು. ಮನಿಲಾ ವಿಲೇಜ್ ಅನ್ನುವುದು ಅಂಥ ಒಂದು ಊರು. ಬೇಯಿಸಿದ ಸಿಗಡಿಯನ್ನು ಅಟ್ಟದ ಮೇಲೆ ಬಿಸಿಲಿಗೆ ಹರಡಿ, ಗರಿಗರಿ ಒಣಗಿದ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಅದರ ಮೇಲೆ ಹೆಜ್ಜೆ ಹಾಕುತ್ತಾ ತುಳಿಯುತ್ತಿದ್ದರು. ಚಿಪ್ಪು ಪುಡಿಯಾಗಿ ತಿರುಳು ಬೇರೆಯಾಗುತ್ತಿತ್ತು. ನಮ್ಮಲ್ಲಿ ಕಣದಲ್ಲಿ ತೆನೆ ತುಳಿಸುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ. ಅದಕ್ಕೆ ಅಲ್ಲಿನವರು ಸಿಗಡಿ ಕುಣಿತ ಎನ್ನುತ್ತಿದ್ದರು. 1965ರ ಬೆಟ್ಸಿ ಚಂಡಮಾರುತ ಮನಿಲಾ ವಿಲೇಜನ್ನು ಅಳಿಸಿಹಾಕಿತು. ಇದನ್ನು ಯಾಕೆ ಹೇಳಿದೆ ಎಂದರೆ, ನಮ್ಮ ಕಥೆಯೂ ಶುರುವಾಗುವುದು ಒಂದು ಕಾಲಿನಿಂದಲೇ.

ನ್ಯೂ ಆರ್ಲಿಯನ್ಸ್‌ನ ನೈಋತ್ಯಕ್ಕೆ ಹೋಮಾ ಎಂಬ ಪಟ್ಟಣವಿದೆ. ಸುತ್ತಲೂ ಕಾಲುವೆ, ಜೌಗು, ದೋಣಿ. ಎಮಿಲ್ ಲಪೇರ್ ಅವರ ಸಿಗಡಿ ವಹಿವಾಟು ಅಲ್ಲಿತ್ತು. ಎರಡನೇ ಮಹಾಯುದ್ಧದ ಕಾಲ. ಗಂಡಸರು ಸೈನ್ಯಕ್ಕೆ ಹೋಗಿದ್ದಾರೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹಿಗಿನ್ಸ್ ಕಾರ್ಖಾನೆ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳನ್ನು ಹಗಲಿರುಳು ಕಟ್ಟುತ್ತಿದೆ, ಅಲ್ಲಿ ಗಂಡಸರಿಗೂ ಹೆಂಗಸರಿಗೂ ಒಳ್ಳೆಯ ಸಂಬಳ. ಐಸಿನಲ್ಲಿ ಕೈಯಿಟ್ಟು ಸಿಗಡಿ ಬಿಡಿಸಲು ಯಾರು ಬರುತ್ತಾರೆ? ಸಿಗಡಿ ಕಾಯುವ ಸರಕಲ್ಲ. ಇವತ್ತು ಬಂದ ಬಲೆಯನ್ನು ಇವತ್ತೇ ನಾಳೆಯೇ ನೋಡಬೇಕು.

ಎಮಿಲ್ ಅವರ ಮಗ ಜೇಮ್ಸ್ ಮಾರ್ಷಲ್ ಲಪೇರ್. ಹುಟ್ಟಿದ್ದು 1926ರಲ್ಲಿ. ಎಲ್ಲರೂ ಜೆ.ಎಂ. ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಆಗಿನ್ನೂ ಹದಿಹರೆಯದ ಹುಡುಗ. ಸಿಗಡಿ ಬಿಡಿಸಲು ಯಂತ್ರ ಮಾಡಬಹುದೇ ಎಂಬ ಮಾತು ಮನೆಯಲ್ಲಿ ನಡೆಯುತ್ತಿತ್ತು. ಕುಟುಂಬದವರು ಹೇಳಿಕೊಂಡು ಬಂದಿರುವ ಪ್ರಕಾರ, ಜೆ.ಎಂ. ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಒಂದು ಸಿಗಡಿಯನ್ನು ಹಿಮ್ಮಡಿಯಿಂದ ಒತ್ತಿದ. ತಿರುಳು ಚಿಪ್ಪಿನಿಂದ ಚಿಮ್ಮಿ ಹೊರಗೆ ಬಂತು. ಜಜ್ಜಿಹೋಗಲಿಲ್ಲ, ಇಡಿಯಾಗಿಯೇ ಬಂತು.

ಆ ಕ್ಷಣದಲ್ಲಿ ಹುಡುಗ ಕಂಡದ್ದೇನು ಎಂದು ಯೋಚಿಸಿ. ಕೈಯಿಂದ ಬಿಡಿಸುವವರು ಚಿಪ್ಪನ್ನು ತಿರುಳಿನಿಂದ ಸುಲಿಯುತ್ತಾರೆ. ಯಂತ್ರ ಮಾಡಲು ಕೂತವರೂ ಬೆರಳು ಮಾಡುವುದನ್ನೇ ಉಕ್ಕಿನಲ್ಲಿ ಮಾಡಿಸಲು ನೋಡುತ್ತಾರೆ, ಅದು ಸಹಜ. ಬೂಟು ತೋರಿಸಿದ್ದು ಅದರ ತಿರುಗುಮುರುಗು. ಚಿಪ್ಪನ್ನು ಹಿಡಿದುಕೊಂಡರೆ ಸಾಕು, ತಿರುಳು ತಾನೇ ಜಾರಿಕೊಳ್ಳುತ್ತದೆ. ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿ ಮಕ್ಕಳು ದೂರಕ್ಕೆ ಹಾರಿಸುತ್ತಾರಲ್ಲ, ಆ ಜಾರಿಕೆ.

ಮುಂದಿನ ಹೆಜ್ಜೆ ಇಟ್ಟದ್ದು ಮನೆಯ ಬಟ್ಟೆ ಒಗೆಯುವ ಯಂತ್ರದ ಹತ್ತಿರ. ಆಗಿನ ಯಂತ್ರಗಳ ಮೇಲೆ ಬಟ್ಟೆ ಹಿಂಡುವುದಕ್ಕೆ ಎರಡು ರಬ್ಬರ್ ರೋಲರುಗಳಿರುತ್ತಿದ್ದವು. ಒದ್ದೆ ಬಟ್ಟೆಯನ್ನು ಒಂದು ಕಡೆಯಿಂದ ತೂರಿಸಿದರೆ ಹಿಂಡಿಕೊಂಡು ಇನ್ನೊಂದು ಕಡೆಗೆ ಬರುತ್ತಿತ್ತು, ಕಬ್ಬಿನ ಗಾಣದ ಹಾಗೆ. ಅಮ್ಮನ ಆ ಯಂತ್ರದ ರೋಲರುಗಳಿಗೆ ಹುಡುಗ ಸಿಗಡಿ ತಿನ್ನಿಸಿದ. ರೋಲರು ಚಿಪ್ಪನ್ನು ಕಚ್ಚಿ ಎಳೆದುಕೊಂಡಿತು, ತಿರುಳು ಹಿಂದೆ ಉಳಿಯಿತು.

ಅಲ್ಲಿಂದ ಕಾರ್ಖಾನೆಯ ಯಂತ್ರವಾಗಲು ಕೆಲವು ವರ್ಷಗಳು ಬೇಕಾದವು. ಚಿಪ್ಪು ಸಡಿಲವಾಗಲು ಸಿಗಡಿಯನ್ನು ಐಸಿನಲ್ಲಿ ಸ್ವಲ್ಪ ಕಾಲ ಇಡಬೇಕು ಎಂದು ಗೊತ್ತಾಗಬೇಕಿತ್ತು. ರೋಲರುಗಳನ್ನು ಇಳಿಜಾರಿನಲ್ಲಿ ಉದ್ದಕ್ಕೆ ಮಲಗಿಸಿ ಮೇಲಿನಿಂದ ನೀರು ಹರಿಸಿದರೆ ಸಿಗಡಿ ಉರುಳುತ್ತಾ, ಮಗ್ಗುಲು ಬದಲಾಯಿಸುತ್ತಾ ಕೆಳಕ್ಕೆ ಬರುತ್ತದೆ, ಒಂದಲ್ಲ ಒಂದು ಕಡೆ ಚಿಪ್ಪು ಸಿಕ್ಕಿಬೀಳುತ್ತದೆ ಎಂದು ಕಾಣಬೇಕಿತ್ತು. ರೋಲರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿದರೆ ಸಿಕ್ಕಿಕೊಂಡ ಕಸ ಬಿಡುತ್ತದೆ. ಎರಡು ರೋಲರುಗಳ ನಡುವಿನ ಸಂದು ಚಿಪ್ಪು ಹೋಗುವಷ್ಟು ಇರಬೇಕು, ತಿರುಳು ಹೋಗುವಷ್ಟು ಇರಬಾರದು. ಇದೆಲ್ಲ ಕಾಗದದ ಮೇಲೆ ಸಿಗುವ ಜ್ಞಾನವಲ್ಲ. ಸ್ವಂತ ಶೆಡ್ಡಿನಲ್ಲಿ, ಸ್ವಂತ ಸಿಗಡಿಯನ್ನು ಹಾಳು ಮಾಡಿಕೊಂಡು ಕಲಿಯುವಂಥದ್ದು. 1947ರಲ್ಲಿ ಪೇಟೆಂಟ್ ಬಂತು, ಅದರಲ್ಲಿ ಕುಟುಂಬದ ಫರ್ನಾಂಡ್ ಲಪೇರ್ ಅವರ ಹೆಸರೂ ಇದೆ. 1949ರ ಹೊತ್ತಿಗೆ ಯಂತ್ರ ವ್ಯಾಪಾರಕ್ಕೆ ಇಳಿಯಿತು. 2004ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಈ ಯಂತ್ರವನ್ನು ತನ್ನ ಐತಿಹಾಸಿಕ ಹೆಗ್ಗುರುತುಗಳ ಸಾಲಿಗೆ ಸೇರಿಸಿತು.

ಕಂಪನಿಗೆ ಇಟ್ಟ ಹೆಸರು ಲೇಟ್ರಮ್. ಇದೇನು ಹೆಸರು ಎಂದು ನನಗೂ ಬಹಳ ದಿನ ಗೊತ್ತಿರಲಿಲ್ಲ. ಜೆ.ಎಂ. ಅವರ ನಡುವಿನ ಹೆಸರು ಮಾರ್ಷಲ್, ಇಂಗ್ಲಿಷಿನಲ್ಲಿ ಎಂ-ಎ-ಆರ್-ಟಿ-ಐ-ಎ-ಎಲ್. ಅದನ್ನು ಕೊನೆಯಿಂದ ಓದಿ: ಎಲ್-ಎ-ಐ-ಟಿ-ಆರ್-ಎ-ಎಂ. ಇಂಟ್ರಾಲಾಕ್ಸ್ ಇವತ್ತಿಗೂ ಈ ಲೇಟ್ರಮ್‌ನ ಮಗುವೇ.

ಈಗ ಒಂದು ವ್ಯಾಪಾರದ ವಿಷಯ, ಇಲ್ಲಿ ಸ್ವಲ್ಪ ನಿಲ್ಲಬೇಕು. ಲಪೇರ್ ಕುಟುಂಬ ಯಂತ್ರವನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ರೋಲರು ಎಷ್ಟು ತಿರುಗಿತು ಎಂಬುದರ ಲೆಕ್ಕಕ್ಕೆ ಬಾಡಿಗೆ. ಆಟೋ ಮೀಟರಿನಂತೆ ಅಂದುಕೊಳ್ಳಿ. ಸಣ್ಣ ಕಾರ್ಖಾನೆಯವನಿಗೆ ಇದು ಅನುಕೂಲ, ಬಂಡವಾಳ ಹೂಡಬೇಕಿಲ್ಲ. ಆದರೆ ಅಮೆರಿಕದ ವಾಯವ್ಯ ಕರಾವಳಿಯಲ್ಲಿ, ಅಂದರೆ ಅಲಾಸ್ಕಾ, ವಾಷಿಂಗ್ಟನ್, ಒರೆಗಾನ್ ಕಡೆ, ಸಿಗಡಿ ತುಂಬಾ ಸಣ್ಣದು. ಸಣ್ಣ ಸಿಗಡಿ ಕೈಯಿಂದ ಬಿಡಿಸಲು ಕೂಲಿ ಹೆಚ್ಚು ತಗಲುತ್ತದೆ. ಹಾಗಾಗಿ ಯಂತ್ರದಿಂದ ಅಲ್ಲಿಯವರಿಗೆ ಉಳಿತಾಯವೂ ಹೆಚ್ಚು ಎಂದು ಲೆಕ್ಕ ಹಾಕಿ, ಅವರಿಗೆ ಕೊಲ್ಲಿಯ ಕಡೆಯವರ ಎರಡರಷ್ಟು ದರ ಹಾಕಿದರು. ಅದೇ ಯಂತ್ರ, ಅದೇ ರೋಲರು, ದರ ದುಪ್ಪಟ್ಟು. ಜೊತೆಗೆ ಲಪೇರ್ ಕುಟುಂಬಕ್ಕೆ ಗ್ರಾಂಡ್ ಕಾಯೂ ಎಂಬ ಸ್ವಂತ ಸಿಗಡಿ ಕಾರ್ಖಾನೆ ಇತ್ತು. ಒಂದು ಕೈಯಲ್ಲಿ ಯಂತ್ರದ ಬಾಡಿಗೆ, ಇನ್ನೊಂದು ಕೈಯಲ್ಲಿ ಬಾಡಿಗೆದಾರರ ಜೊತೆ ಪೈಪೋಟಿ. ವ್ಯಾಪಾರದಲ್ಲಿ ಅನ್ಯಾಯ ನಡೆಯದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1964ರಲ್ಲಿ ಈ ತಾರತಮ್ಯ ಅನ್ಯಾಯ ಎಂದಿತು, 1966ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ನನಗೆ ಈ ಕುಟುಂಬದ ಮೇಲೆ ಗೌರವವಿದೆ, ಆದರೂ ಈ ಪ್ರಕರಣವನ್ನು ಬಿಟ್ಟು ಕಥೆ ಹೇಳಲಾರೆ. ಉಳಿತಾಯ ಯಾರ ಜೇಬಿಗೆ ಹೋಗಬೇಕು ಎಂಬ ಪ್ರಶ್ನೆ ಪ್ರತಿ ಯಂತ್ರದ ಬೆನ್ನಿಗೂ ಇರುತ್ತದೆ. ಇಲ್ಲಿ ಅದು ನ್ಯಾಯಾಲಯದವರೆಗೆ ಹೋಯಿತು, ಆಮೇಲೆ ತಿದ್ದಿಕೊಳ್ಳಬೇಕಾಯಿತು.

ಇನ್ನೊಂದು ವ್ಯಾಜ್ಯ ಇದಕ್ಕಿಂತ ಪ್ರಸಿದ್ಧ. ಇಲ್ಲಿ ಕಾನೂನು ಓದುವವರಿದ್ದರೆ ಕೇಳಿರುತ್ತೀರಿ: ಡೀಪ್‌ಸೌತ್ ಪ್ಯಾಕಿಂಗ್ ಮತ್ತು ಲೇಟ್ರಮ್ ನಡುವಿನದು, ಅಮೆರಿಕದ ಸುಪ್ರೀಂ ಕೋರ್ಟು, 1972. ವಿಷಯ ಸಿಗಡಿಯ ಬೆನ್ನಿನ ಕರಿ ದಾರ ತೆಗೆಯುವ ಯಂತ್ರ. ಪೇಟೆಂಟು ಲೇಟ್ರಮ್‌ನದು. ಅಮೆರಿಕದಲ್ಲಿ ಆ ಯಂತ್ರ ಮಾಡಿ ಮಾರುವಂತಿಲ್ಲ ಎಂದಾದ ಮೇಲೆ ಡೀಪ್‌ಸೌತ್ ಏನು ಮಾಡಿತು? ಬಿಡಿಭಾಗಗಳನ್ನೆಲ್ಲ ಮಾಡಿ, ಜೋಡಿಸದೆ, ಮೂರು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಹಾಕಿ ಹೊರದೇಶಕ್ಕೆ ಕಳಿಸಲು ಹೊರಟಿತು. ಪೌನೆರಡು ಟನ್ ಯಂತ್ರ, ಆಚೆ ದಡದಲ್ಲಿ ಪೆಟ್ಟಿಗೆ ಬಿಚ್ಚಿ ಜೋಡಿಸಲು ಒಂದು ಗಂಟೆಯೂ ಬೇಡ. ಜೋಡಿಸದ ಯಂತ್ರ ಯಂತ್ರವಲ್ಲ, ಆದ್ದರಿಂದ ಪೇಟೆಂಟ್ ಉಲ್ಲಂಘನೆಯಲ್ಲ ಎಂದು ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಹೇಳಿತು. ಲೇಟ್ರಮ್ ಸೋತಿತು. ಹನ್ನೆರಡು ವರ್ಷದ ನಂತರ, 1984ರಲ್ಲಿ, ಅಮೆರಿಕದ ಸಂಸತ್ತು ಆ ಸಂದನ್ನು ಮುಚ್ಚಲು ಕಾನೂನನ್ನೇ ತಿದ್ದಿತು. ಸಿಗಡಿಯ ಕರಿ ದಾರದಿಂದ ಒಂದು ದೇಶದ ಪೇಟೆಂಟ್ ಕಾನೂನು ಬದಲಾಯಿತು ಎಂದರೆ ನಂಬುವುದು ಕಷ್ಟ, ಆದರೆ ಆದದ್ದು ಅದೇ.

ಸರಿ, ಬೆಲ್ಟಿಗೆ ಬರೋಣ.

ಬೆಲ್ಟಿನ ಮೇಲೆ ಸರಕು ಸಾಗಿಸುವುದು ಲಪೇರ್ ಕುಟುಂಬದ ಕಲ್ಪನೆಯಲ್ಲ. 1890ರ ದಶಕದ ಆರಂಭದಲ್ಲಿ ಥಾಮಸ್ ರಾಬಿನ್ಸ್ ಎಂಬಾತ ನ್ಯೂಜೆರ್ಸಿಯಲ್ಲಿ ಥಾಮಸ್ ಎಡಿಸನ್ ಅವರ ಕಬ್ಬಿಣದ ಅದಿರಿನ ಕಾರ್ಖಾನೆಯ ಬೆಲ್ಟುಗಳು ಬೇಗ ಸವೆಯುವುದನ್ನು ನೋಡಿ, ಮೇಲೆ ದಪ್ಪ ರಬ್ಬರ್ ಹೊದಿಕೆ ಇರುವ ಬೆಲ್ಟು ಮಾಡಿದ. ಗಣಿಗಳಲ್ಲಿ ಇವತ್ತು ಓಡುವ ಕಪ್ಪು ಬೆಲ್ಟುಗಳ ಅಜ್ಜ ಅದು. ಅದಕ್ಕೂ ಮೊದಲು, 1874ರಲ್ಲಿ, ಅಯೋವಾದ ಬೆಲ್ ಪ್ಲೇನ್ ಎಂಬ ಊರಿನಲ್ಲಿ ಕೃಷಿ ಸಲಕರಣೆ ಮಾರುತ್ತಿದ್ದ ವಿಲಿಯಂ ಡಾನಾ ಯೂವರ್ಟ್ ಒಂದು ಚೈನಿಗೆ ಪೇಟೆಂಟ್ ತಗೊಂಡ. ಕೊಯ್ಲಿನ ಯಂತ್ರದ ಚೈನು ಹೊಲದ ನಡುವೆ ತುಂಡಾದರೆ ರೈತನ ಗತಿ? ಬೆಳೆ ನಿಂತಿದೆ, ಮೋಡ ಕವಿದಿದೆ. ಯೂವರ್ಟ್ ಮಾಡಿದ ಚೈನಿನಲ್ಲಿ ಮುರಿದ ಕೊಂಡಿಯೊಂದನ್ನು ಕೈಯಿಂದಲೇ ಬಿಡಿಸಿ ಹೊಸದನ್ನು ಸಿಕ್ಕಿಸಬಹುದಿತ್ತು. ಲಿಂಕ್-ಬೆಲ್ಟ್ ಎಂಬ ದೊಡ್ಡ ಕಂಪನಿ ಬೆಳೆದದ್ದು ಆ ಕೊಂಡಿಯಿಂದ. ಈ ಕೊಂಡಿ ನೆನಪಿರಲಿ.

ಸಿಗಡಿ ಕಾರ್ಖಾನೆಯ ನೆಲವನ್ನು ಈಗ ಕಣ್ಣಮುಂದೆ ತಂದುಕೊಳ್ಳಿ. ಎಲ್ಲೆಲ್ಲೂ ಉಪ್ಪುನೀರು, ಐಸು, ಚಿಪ್ಪಿನ ಚೂರು. ದಿನದ ಕೊನೆಗೆ ಪೈಪು ಹಿಡಿದು ಎಲ್ಲವನ್ನೂ ತೊಳೆಯಬೇಕು. ಇಂಥ ಕಡೆ ಲೋಹದ ಬೆಲ್ಟು ಹಾಕಿದರೆ ತುಕ್ಕು. ರಬ್ಬರ್ ಅಥವಾ ಬಟ್ಟೆಯ ಬೆಲ್ಟು ಹಾಕಿದರೆ ನೀರು ಬಸಿದುಹೋಗುವುದಿಲ್ಲ, ಒದ್ದೆಯಾದ ಮೇಲೆ ಜಾರುತ್ತದೆ, ಅಂಚು ಹರಿದರೆ ಎಳೆ ಬಿಡುತ್ತದೆ.

ಜಾರುವುದು ಯಾಕೆ ಎಂದು ಹಳ್ಳಿಯಿಂದ ಬಂದವರು ಹೇಳಬಲ್ಲಿರಿ. ರಾಗಿ ಮಿಷನ್ನಿನ ಬೆಲ್ಟು ನೋಡಿದ್ದೀರಲ್ಲ? ಮೋಟಾರಿನ ಗಾಲಿಗೂ ಮಿಷನ್ನಿನ ಗಾಲಿಗೂ ನಡುವೆ ಪಟಪಟ ಹೊಡೆದುಕೊಳ್ಳುವ ಚಪ್ಪಟೆ ಪಟ್ಟಿ. ಮಳೆಗಾಲದಲ್ಲಿ ಅದು ಜಾರಿದರೆ ಮಿಷನ್ನಿನವನು ರಾಳ ಹಚ್ಚುತ್ತಾನೆ. ಇಡೀ ಕೆಲಸ ನಡೆಯುವುದು ಉಜ್ಜುವಿಕೆಯ ಹಿಡಿತದ ಮೇಲೆ. ಹಿಡಿತ ಬೇಕಾದರೆ ಬೆಲ್ಟನ್ನು ಬಿಗಿಯಾಗಿ ಎಳೆದಿರಬೇಕು. ಬಿಗಿ ಎರಡೂ ಅಂಚಿನಲ್ಲಿ ಒಂದೇ ಸಮ ಇರದಿದ್ದರೆ ಬೆಲ್ಟು ಪಕ್ಕಕ್ಕೆ ಸರಿಯುತ್ತದೆ. "ಸೈಡಿಗೆ ಎಳೀತಾ ಇದೆ ಸಾರ್" ಎನ್ನುವುದು ಮೇಂಟೆನೆನ್ಸ್ ವಿಭಾಗದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು.

ನನ್ನ ಮೊದಲ ಕೆಲಸ ಒಂದು ಆಹಾರ ಕಾರ್ಖಾನೆಯಲ್ಲಿ. ರಾತ್ರಿ ಪಾಳಿ. ಬಟ್ಟೆಯ ಬೆಲ್ಟೊಂದು ಎಡಕ್ಕೆ ಸರಿಯುತ್ತಿತ್ತು. ನಾನು ಬಲಗಡೆಯ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡುವುದು, ಹತ್ತು ನಿಮಿಷ ನೋಡುವುದು, ಮತ್ತೆ ಸಡಿಲ ಮಾಡುವುದು. ಬೆಳಗಿನ ನಾಲ್ಕರ ಸುಮಾರಿಗೆ ಎಡ ಅಂಚು ಚೌಕಟ್ಟಿಗೆ ಉಜ್ಜಿ ಎಳೆ ಬಿಡತೊಡಗಿತು. ನಾನು ಗಮನಿಸುವ ಹೊತ್ತಿಗೆ ನೀಲಿ ದಾರದ ಚೂರುಗಳು ಸರಕಿನೊಳಗೆ ಸೇರಿಹೋಗಿದ್ದವು. ಆ ಪಾಳಿಯಲ್ಲಿ ತಯಾರಾದದ್ದನ್ನೆಲ್ಲ ಎಸೆಯಬೇಕಾಯಿತು. ತಿನ್ನುವ ಪದಾರ್ಥವನ್ನು ರಾಶಿಗಟ್ಟಲೆ ಕಸಕ್ಕೆ ಸುರಿಯುವುದನ್ನು ನಿಂತು ನೋಡಿದವರಿಗೆ ಆ ಸಂಕಟ ಮರೆಯುವುದಿಲ್ಲ. ನನಗೆ ಈ ಪ್ಲಾಸ್ಟಿಕ್ ಚಾಪೆಯ ಮೇಲೆ ಇಷ್ಟು ಪ್ರೀತಿ ಯಾಕೆ ಎಂದರೆ ಆ ರಾತ್ರಿಯ ಕಾರಣಕ್ಕೆ.

1971ರಲ್ಲಿ ಜೆ.ಎಂ. ಇಂಟ್ರಾಲಾಕ್ಸ್ ಶುರು ಮಾಡಿದರು. ಸಿಗಡಿ ಕಾರ್ಖಾನೆಗಳ ಲೋಹದ ಬೆಲ್ಟಿನ ಜಾಗಕ್ಕೆ ಪ್ಲಾಸ್ಟಿಕ್ಕಿನ ಬೆಲ್ಟು ತರುವುದು ಯೋಚನೆ. ಈಗ ತುಂಡು ಯಾರ ಕೈಯಲ್ಲಿದೆಯೋ ಅವರು ಅದನ್ನು ಬೆಳಕಿಗೆ ಹಿಡಿಯಿರಿ. ಇದು ಒಂದೇ ಹಾಳೆಯಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಸಣ್ಣ ಸಣ್ಣ ತುಣುಕುಗಳು, ಮಾಡ್ಯೂಲ್ ಎನ್ನುತ್ತಾರೆ. ಪ್ರತಿ ತುಣುಕಿನ ಎರಡೂ ಅಂಚಿನಲ್ಲಿ ಬಾಚಣಿಗೆಯಂತೆ ಬೆರಳುಗಳಿವೆ, ಬೆರಳುಗಳಲ್ಲಿ ತೂತುಗಳಿವೆ. ಒಂದರ ಬೆರಳು ಇನ್ನೊಂದರ ಬೆರಳ ನಡುವೆ ಕೂರುತ್ತದೆ, ತೂತುಗಳು ಒಂದೇ ಸಾಲಿಗೆ ಬರುತ್ತವೆ, ಈ ಪಕ್ಕದಿಂದ ಆ ಪಕ್ಕಕ್ಕೆ ಒಂದು ಕಡ್ಡಿ ತೂರಿಸುತ್ತಾರೆ. ಬಾಗಿಲಿನ ಹಿಂಜಿನಂತೆ. ಅಗಲದ ಬೆಲ್ಟಿನಲ್ಲಿ ತುಣುಕುಗಳನ್ನು ಇಟ್ಟಿಗೆ ಗೋಡೆಯ ಹಾಗೆ ಜೋಡಿಸುತ್ತಾರೆ, ಒಂದು ಸಾಲಿನ ಸಂದಿನ ಮೇಲೆ ಮುಂದಿನ ಸಾಲಿನ ಸಂದು ಬರದ ಹಾಗೆ. ಅದರಿಂದಲೇ ಅಡ್ಡಕ್ಕೆ ಅಷ್ಟು ಗಟ್ಟಿ.

ಕೆಳಗಡೆ ತಿರುಗಿಸಿ ನೋಡಿ. ಸ್ಪ್ರಾಕೆಟ್ಟಿನ, ಅಂದರೆ ಹಲ್ಲಿನ ಚಕ್ರದ, ಹಲ್ಲು ಕೂರಲು ಜಾಗವಿದೆ. ಸೈಕಲ್ ಚೈನಿನಂತೆ ಹಲ್ಲು ಬೆಲ್ಟನ್ನು ನೇರವಾಗಿ ಹಿಡಿದು ಎಳೆಯುತ್ತದೆ. ಉಜ್ಜುವಿಕೆಯ ಹಂಗಿಲ್ಲ. ಎಳೆದು ಬಿಗಿಯಬೇಕಿಲ್ಲ, ಒದ್ದೆಯಾದರೆ ಜಾರುವುದಿಲ್ಲ, ಹಲ್ಲು ಹಿಡಿದಿರುವುದರಿಂದ ಪಕ್ಕಕ್ಕೂ ಸರಿಯುವುದಿಲ್ಲ. ಮೇಲಿನ ಕಿಂಡಿಗಳಿಂದ ನೀರು ಬಸಿದುಹೋಗುತ್ತದೆ. ಮತ್ತೆ ಯೂವರ್ಟನ ಕೊಂಡಿ: ಒಂದು ಮಾಡ್ಯೂಲ್ ಮುರಿದರೆ ಕಡ್ಡಿ ಎಳೆದು, ಅದೊಂದನ್ನು ತೆಗೆದು, ಹೊಸದನ್ನಿಟ್ಟು, ಕಡ್ಡಿ ತೂರಿಸಿದರೆ ಮುಗಿಯಿತು. ಇಡೀ ಬೆಲ್ಟು ಬದಲಾಯಿಸಬೇಕಿಲ್ಲ. ಈಗ ಬೇಕಾದರೆ ಆ ಕಡ್ಡಿ ಎಳೆದು ನೋಡಿ. ಒಂದು ಕೊಯ್ಲಿನ ಹೊಲದಲ್ಲಿ, ಇನ್ನೊಂದು ಸಿಗಡಿಯ ಶೆಡ್ಡಿನಲ್ಲಿ, ನೂರು ವರ್ಷದ ಅಂತರದಲ್ಲಿ ಹುಟ್ಟಿದ ಈ ಎರಡರ ಹಿಂದೆಯೂ ಒಂದೇ ಆತಂಕವಿದೆ. ಸರಕು ಕಾಯುವುದಿಲ್ಲ.

ಪ್ಲಾಸ್ಟಿಕ್ಕಿಗೆ ಅದರದೇ ಕಷ್ಟಗಳಿವೆ, ಅವುಗಳನ್ನು ಅವರು ಹೇಗೆ ಬಗೆಹರಿಸಿದರು ಎನ್ನುವುದು ವಿದ್ಯಾರ್ಥಿಗಳಿಗೆ ಉಪಯೋಗವಾದೀತು. ಪ್ಲಾಸ್ಟಿಕ್ಕು ಬಿಸಿಗೆ ಲೋಹಕ್ಕಿಂತ ಬಹಳ ಹಿಗ್ಗುತ್ತದೆ. ಪಾಲಿಪ್ರೊಪಿಲೀನಿನ 10 ಮೀಟರ್ ಬೆಲ್ಟು 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 6 ಸೆಂಟಿಮೀಟರ್ ಉದ್ದವಾಗುತ್ತದೆ. ಆ ಹೆಚ್ಚುವರಿ ಉದ್ದ ಎಲ್ಲಿಗೆ ಹೋಗಬೇಕು? ಬೆಲ್ಟು ಕೆಳಗಿನಿಂದ ವಾಪಸು ಬರುವ ದಾರಿಯಲ್ಲಿ ಅದನ್ನು ಉದ್ದೇಶಪೂರ್ವಕವಾಗಿ ಜೋತು ಬಿಡುತ್ತಾರೆ, ಬಟ್ಟೆ ಒಣಹಾಕುವ ಹಗ್ಗದಂತೆ. ಹಿಗ್ಗಿದರೆ ಜೋತು ಹೆಚ್ಚುತ್ತದೆ, ಕುಗ್ಗಿದರೆ ಕಡಿಮೆಯಾಗುತ್ತದೆ. ಹಳೆಯ ಕಾಲದ ಮೇಂಟೆನೆನ್ಸ್ ಮಂದಿ ಈ ಜೋತು ನೋಡಿದ ಕೂಡಲೇ ಬಿಗಿ ಮಾಡಲು ಸ್ಪ್ಯಾನರ್ ಹುಡುಕುತ್ತಾರೆ. ಬಿಗಿ ಮಾಡಬೇಡಿ, ಅದು ಹಾಗೇ ಇರಬೇಕು ಎಂದು ನಾನು ಎಷ್ಟೋ ಜನರ ಕೈ ಹಿಡಿದಿದ್ದೇನೆ.

ಅಗಲಕ್ಕೂ ಹಿಗ್ಗುತ್ತದೆಯಲ್ಲ? ಅದಕ್ಕೆ ಮಾಡಿದ ಉಪಾಯ ನನಗೆ ಅತ್ಯಂತ ಇಷ್ಟವಾದದ್ದು. ಸಾಮಾನ್ಯವಾಗಿ ಸ್ಪ್ರಾಕೆಟ್ಟನ್ನು ತಿರುಗಿಸುವ ಕಂಬ, ಅಂದರೆ ಶಾಫ್ಟು, ದುಂಡಗಿರುತ್ತದೆ, ಸ್ಪ್ರಾಕೆಟ್ಟನ್ನು ಕೀಲಿ ಹಾಕಿ ಅದಕ್ಕೆ ಬಂಧಿಸುತ್ತಾರೆ. ಇವರು ಚೌಕದ ಶಾಫ್ಟು ಬಳಸಿದರು. ಚೌಕದ ಕಂಬಕ್ಕೆ ಚೌಕದ ತೂತಿನ ಸ್ಪ್ರಾಕೆಟ್ಟು ಹಾಕಿದರೆ ಕೀಲಿ ಇಲ್ಲದೆಯೂ ತಿರುಗಿಸುತ್ತದೆ, ಆದರೆ ಶಾಫ್ಟಿನ ಉದ್ದಕ್ಕೆ ಜಾರಬಲ್ಲದು. ನಡುವಿನ ಒಂದೇ ಒಂದು ಸ್ಪ್ರಾಕೆಟ್ಟನ್ನು ಅಲುಗದಂತೆ ನಿಲ್ಲಿಸುತ್ತಾರೆ, ಉಳಿದವು ಸ್ವತಂತ್ರ. ಬೆಲ್ಟು ಅಗಲಕ್ಕೆ ಹಿಗ್ಗಿದಾಗ ಸ್ಪ್ರಾಕೆಟ್ಟುಗಳು ಬೆಲ್ಟಿನ ಜೊತೆಗೇ ಒಂದಿಷ್ಟು ಪಕ್ಕಕ್ಕೆ ಹೋಗುತ್ತವೆ. ನಡುವಿನದು ಬೆಲ್ಟನ್ನು ದಾರಿಯಲ್ಲಿ ಹಿಡಿದಿರುತ್ತದೆ. ನನ್ನ ಮೊದಲ ರಾತ್ರಿ ಪಾಳಿಯ ಕಾಟಕ್ಕೆ ಪರಿಹಾರ ಆ ಒಂದು ಸ್ಪ್ರಾಕೆಟ್ಟು.

ಇನ್ನು ಯಾವ ಕೆಲಸಕ್ಕೆ ಯಾವ ಪ್ಲಾಸ್ಟಿಕ್ಕು ಎಂಬ ಆಯ್ಕೆ. ಪಾಲಿಪ್ರೊಪಿಲೀನ್ ಸುಮಾರು 104 ಡಿಗ್ರಿಯವರೆಗೆ ತಡೆಯುತ್ತದೆ, ಆದರೆ ಸೊನ್ನೆಯ ಹತ್ತಿರ ಬಂದರೆ ಪೆಡಸಾಗಿ ಒಡೆಯುತ್ತದೆ. ಶೀತಲ ಕೋಣೆಗೆ ಪಾಲಿಎಥಿಲೀನ್, ಅದು ಮೈನಸ್ 70ರಲ್ಲೂ ಬಗ್ಗುತ್ತದೆ, ಬಿಸಿ ತಾಳುವುದಿಲ್ಲ. ಭಾರಕ್ಕೆ ಅಸಿಟಲ್ ಎಂಬ ಇನ್ನೊಂದು ಪ್ಲಾಸ್ಟಿಕ್ಕು. ಈ ಆಯ್ಕೆ ತಪ್ಪಾದರೆ ಎಷ್ಟು ಒಳ್ಳೆಯ ಬೆಲ್ಟೂ ತಿಂಗಳೊಳಗೆ ಚೂರಾಗುತ್ತದೆ.

ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಬೆಲ್ಟು ಮಾಡುವ ದೊಡ್ಡ ದೊಡ್ಡ ಕಂಪನಿಗಳಿದ್ದವು, ಅವರಿಗೆ ಹೊಳೆಯದ್ದು ಸಿಗಡಿಯವರಿಗೆ ಹೇಗೆ ಹೊಳೆಯಿತು? ನನಗೆ ತೋರುವುದು ಇದು. ಬೆಲ್ಟಿನ ಕಂಪನಿ ಬೆಲ್ಟು ಮಾರಿ ಹೊರಡುತ್ತದೆ. ಲಪೇರ್ ಕುಟುಂಬಕ್ಕೆ ಹೊರಡುವ ದಾರಿ ಇರಲಿಲ್ಲ. ಸಿಗಡಿಯ ನೆಲ ಅವರದೇ. ಬಾಡಿಗೆಗೆ ಕೊಟ್ಟ ಯಂತ್ರ ತಿರುಗಿದರೆ ಮಾತ್ರ ಅವರಿಗೆ ದುಡ್ಡು, ಪಕ್ಕದ ಬೆಲ್ಟು ತುಕ್ಕು ಹಿಡಿದು ನಿಂತರೆ ಸಿಗಡಿ ಬಿಡಿಸುವ ಯಂತ್ರವೂ ನಿಲ್ಲುತ್ತದೆ. ಆ ಬಾಡಿಗೆ ಪದ್ಧತಿ ಅವರನ್ನು ಕೋರ್ಟಿಗೂ ಎಳೆಯಿತು, ಬೆಲ್ಟಿನ ಹತ್ತಿರಕ್ಕೂ ಎಳೆಯಿತು ಎಂದು ನಾನು ನಂಬಿದ್ದೇನೆ.

ಜೆ.ಎಂ. ಅಲ್ಲಿಗೆ ನಿಲ್ಲುವ ಮನುಷ್ಯನೂ ಆಗಿರಲಿಲ್ಲ. ಸಮುದ್ರದಲ್ಲಿ ತೈಲ ಹುಡುಕುವ ಹಡಗುಗಳು ಎಳೆದೊಯ್ಯುವ ಉದ್ದ ಕೇಬಲ್ಲುಗಳು ನೀರಿನಡಿ ಯಾವ ದಿಕ್ಕಿಗಿವೆ ಎಂದು ತಿಳಿಸುವ ದಿಕ್ಸೂಚಿ ಅವರ ಕಂಪನಿಯಿಂದ ಬಂತು. ಒಂದು ಮೆಟ್ಟಿಲಿನ ಅರ್ಧ ಎಡಗಾಲಿಗೆ, ಮುಂದಿನ ಮೆಟ್ಟಿಲಿನ ಅರ್ಧ ಬಲಗಾಲಿಗೆ ಎಂಬಂತೆ, ಇಕ್ಕಟ್ಟಿನ ಜಾಗದಲ್ಲಿ ಕಡಿದಾಗಿ ಏರುವ ಏಣಿಯೂ ಅವರದೇ, ಲಪೇರ್ ಸ್ಟೇರ್ ಎಂದೇ ಅದರ ಹೆಸರು. ಬಾಯ್ಲರಿನ ಪಕ್ಕ, ಟ್ಯಾಂಕಿನ ಮೇಲೆ ಇಂಥ ಏಣಿ ಹತ್ತುವಾಗ ಮೊದಲ ಸಲ ಯಾವ ಕಾಲು ಮುಂದಿಡಬೇಕು ಎಂದು ತಡವರಿಸುತ್ತೇವೆ, ಎರಡನೇ ಸಲಕ್ಕೆ ಕಾಲಿಗೇ ಗೊತ್ತಾಗುತ್ತದೆ. ನೂರಕ್ಕೂ ಹೆಚ್ಚು ಪೇಟೆಂಟುಗಳು ಅವರ ಹೆಸರಿನಲ್ಲಿದ್ದವು. 1989ರಲ್ಲಿ ತೀರಿಕೊಂಡರು. ಆಮೇಲೆ ಕಂಪನಿಯನ್ನು ನಡೆಸಿದ್ದು ಮಗ ಜೇ ಲಪೇರ್. ನ್ಯೂ ಆರ್ಲಿಯನ್ಸ್‌ನ ಅಂಚಿನಲ್ಲಿ, ಮಿಸಿಸಿಪ್ಪಿ ನದಿಯ ಪಕ್ಕದ ಹ್ಯಾರಹ್ಯಾನ್ ಎಂಬ ಊರಿನಲ್ಲಿ ಕಂಪನಿ ಇವತ್ತಿಗೂ ಇದೆ. ಷೇರು ಮಾರುಕಟ್ಟೆಗೆ ಹೋಗಿಲ್ಲ.

ಬೆಲ್ಟು ಸಿಗಡಿಯ ಶೆಡ್ಡಿನಿಂದ ಹೊರಬಿದ್ದು ಕೋಳಿ, ಬೇಕರಿ, ಬಾಟಲಿ, ಟೈರು, ಪಾರ್ಸೆಲ್ಲು ಎಂದು ಹರಡಿತು. ವ್ಯಾಪಾರದಲ್ಲಿ ಇವತ್ತು ಬೆಲ್ಟೇ ದೊಡ್ಡದು. ಆದರೆ ಅದೇ ಲೇಟ್ರಮ್‌ನ ಇನ್ನೊಂದು ವಿಭಾಗ ಸಿಗಡಿ ಬಿಡಿಸುವ ಯಂತ್ರಗಳನ್ನು ಮಾಡುವುದನ್ನು ಬಿಟ್ಟಿಲ್ಲ. ಇಳಿಜಾರಿನಲ್ಲಿ ಮಲಗಿದ ರೋಲರುಗಳು, ಮೇಲಿನಿಂದ ಹರಿಯುವ ನೀರು, ಚಿಪ್ಪು ಸಂದಿನೊಳಕ್ಕೆ, ತಿರುಳು ಮೇಲಕ್ಕೆ. ಸಣ್ಣ ಸಿಗಡಿಗೆ ಆ ಯಂತ್ರ ಚೆನ್ನಾಗಿ ಹೊಂದುತ್ತದೆ. ದೊಡ್ಡ ಸಿಗಡಿಯನ್ನು ಬಾಲ ಉಳಿಸಿ, ಆಕಾರ ಕೆಡದಂತೆ ಬಿಡಿಸಬೇಕಾದಾಗ ಈಗಲೂ ಹೆಚ್ಚಾಗಿ ಕೈಯೇ ಬೇಕು, ನಮ್ಮ ಕರಾವಳಿಯ ಹೆಂಗಸರ ಕೈ. ಆ ಶೆಡ್ಡಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿಗೆ ನಾನು ಈ ಯಂತ್ರದ ವಿಡಿಯೋ ತೋರಿಸಿದ್ದೆ. ಆಕೆ ಕೈ ಒರೆಸಿಕೊಂಡು ಫೋನು ಹಿಡಿದು ಎರಡು ಸಲ ನೋಡಿದಳು. "ತಲೆಯನ್ನೂ ಅದೇ ತೆಗೀತದಾ?" ಎಂದು ಕೇಳಿ, ನನ್ನ ಉತ್ತರ ಬರುವಷ್ಟರಲ್ಲಿ ಮುಂದಿನ ಬುಟ್ಟಿ ಎಳೆದುಕೊಂಡಿದ್ದಳು.